ಒಂದ್ಕಡೆ ಕಂಪೈಲ್ ಮಾಡಿ ಐದ್ಕಡೆ ಹಾಕೋವಾಗ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಬಂದ್ರೆ ಎಲ್ಲಿಂದ ಹುಡುಕೋದು

ಕಕ್ಕಡ ತಿಂಗಳ ಮಳೆ, ಎರಡು ದಿನದಿಂದ ಕರೆಂಟ್ ಬಂದು ಬಂದು ಹೋಗ್ತಿದೆ, ಇನ್ವರ್ಟರ್ ಕೀಂ ಕೀಂ ಅಂತಿದೆ, ಆ ಹೊತ್ತಿಗೆ ಸರಿಯಾಗಿ ಗೋಣಿಕೊಪ್ಪದಿಂದ ದೊಡ್ಡಪ್ಪನ ಮಗ ಫೋನ್ ಮಾಡಿದ್ರು. "ಮಾರಾಯ, ನೀನು ಮೊನ್ನೆ ಬಂದು ಅದೇನೋ ಅಪ್‌ಡೇಟ್ ಹಾಕಿ ಹೋದ್ಮೇಲೆ ಬಿಲ್ ಶೀಟ್ ತೆಗೆಯೋಕೇ ಆಗ್ತಿಲ್ಲ, ಲೋಗೋ ಒಂದ್ಸಲ ಮಿಂಚಿ ಮಾಯ ಆಗತ್ತೆ." ಟರ್ಮಿನಲ್ ತೆಗ್ದು ಅಲ್ಲಿಂದ ಸ್ಟಾರ್ಟ್ ಮಾಡಿ ಅಣ್ಣ, ಕೊನೇ ಲೈನಲ್ಲಿ ಏನಿದೆ ಓದಿ ಅಂದೆ. ಓದಿದ್ರು. "ಇಲ್ಲೀಗಲ್ ಇನ್‌ಸ್ಟ್ರಕ್ಷನ್ ಅಂತಿದೆ. ಇದೇನೋ ಇದು, ಪೈರೇಟೆಡ್ ಏನಾದ್ರೂ ಹಾಕಿದ್ಯಾ? ಅಂಗಡಿ ಕಣೋ ಇದು, ನಾಳೆ ಯಾರಾದ್ರೂ ಬಂದು ಕೇಳಿದ್ರೆ ನಾನೇನ್ ಹೇಳ್ಲಿ?"

ಅವ್ರಿಗೆ ಸಮಾಧಾನ ಹೇಳೋಕೆ ಹತ್ತು ನಿಮಿಷ ಆಯ್ತು, ಅದು ಯಾಕೆ ಬಂತು ಅಂತ ನಂಗೆ ಅರ್ಥ ಆಗೋಕೆ ನಾಲ್ಕು ದಿನ ಆಯ್ತು. ಆ ನಾಲ್ಕು ದಿನ ನಿಮ್ಗೆ ಉಳೀಲಿ ಅಂತ ಇದನ್ನ ಬರೀತಿದೀನಿ. ಕಮಾಂಡುಗಳನ್ನೆಲ್ಲ ಫೋನಲ್ಲಿ ಅಣ್ಣನಿಗೆ ಹೇಳಿ ಟೈಪ್ ಮಾಡ್ಸಿದ ಹಾಗೇ ಬರ್ದಿದೀನಿ, ಮೈನಸ್ ಅಂದ್ರೆ ಅಡ್ಡಗೀಟು, ಡಾಟ್ ಅಂದ್ರೆ ಚುಕ್ಕಿ, ಜೆಂಟೂ (ಪ್ರೋಗ್ರಾಂಗಳನ್ನ ಸೋರ್ಸ್ ಕೋಡಿಂದ ನಾವೇ ಕಂಪೈಲ್ ಮಾಡ್ಕೊಳ್ಳೋ, ಅಂದ್ರೆ ಪ್ರೊಸೆಸರಿಗೆ ಅರ್ಥ ಆಗೋ ಹಾಗೆ ಕಟ್ಕೊಳ್ಳೋ ಲಿನಕ್ಸ್) ಓಡ್ಸೋರಿಗೆ ಅಷ್ಟು ಸಾಕು.

ಮೊದ್ಲು ನಮ್ಮ ಮನೆ ಸೆಟಪ್ ಹೇಳ್ಬಿಡ್ತೀನಿ. ನಾಪೋಕ್ಲು ಹತ್ರ ತೋಟದ ಮನೇಲಿ ಮಾಳಿಗೆ ಮೇಲೆ ಒಂದು ರೈಜನ್ 5 3600, 32 ಜಿಬಿ ರ್ಯಾಮ್, ಇದೊಂದೇ ನಿಜವಾಗ್ಲೂ ಕೆಲಸ ಮಾಡೋ ಎತ್ತು. ಕೆಳಗೆ ಕಣದ ಪಕ್ಕ ಎಸ್ಟೇಟ್ ಆಫೀಸಲ್ಲಿ ಒಂದು ಹಳೇ ಐ3-2120, ಹೋಮ್‌ಸ್ಟೇ ರಿಸೆಪ್ಷನ್ನಲ್ಲಿ ಪೆಂಟಿಯಂ ಜಿ2020, ಗೋಣಿಕೊಪ್ಪದಲ್ಲಿ ಅಣ್ಣನ ಗೊಬ್ಬರ-ಸ್ಪ್ರಿಂಕ್ಲರ್ ಅಂಗಡೀಲಿ ಕೋರ್ 2 ಡುಯೋ ಇ7500 (ನಗ್ಬೇಡಿ, ಬಿಲ್ ಹಾಕೋಕೆ ಅದು ಧಾರಾಳ ಸಾಕು), ಆಮೇಲೆ ನನ್ನ ಲ್ಯಾಪ್‌ಟಾಪ್, ಎಂಟನೇ ಜನರೇಶನ್ ಐ5. ಐದಕ್ಕೂ ಜೆಂಟೂನೇ. ಯಾಕೆ ಜೆಂಟೂ ಅಂತ ಕೇಳ್ಬೇಡಿ, ಕೆಲವ್ರಿಗೆ ಹಂದಿ ಸಾಕೋ ಹುಚ್ಚು, ನಂಗೆ ಇದು. ಕೋರ್ 2 ಡುಯೋದಲ್ಲಿ ಲಿಬ್ರೆ ಆಫೀಸ್ ಕಂಪೈಲ್‌ಗೆ ಬಿಟ್ರೆ ಹುತ್ತರಿ ಹೊತ್ತಿಗೆ ಮುಗೀಬಹುದು, ಅದಕ್ಕೆ ಎಲ್ಲಾನೂ ಮಾಳಿಗೆ ಮೇಲೆ ಕಂಪೈಲ್ ಮಾಡಿ, ರೆಡಿ ಪ್ಯಾಕೇಜನ್ನ ಉಳಿದ ನಾಲ್ಕಕ್ಕೆ ಹಂಚೋದು. ಮನೇಲಿರೋ ಮೂರಕ್ಕೆ ಲ್ಯಾನ್ ಮೇಲೆ ಎಚ್‌ಟಿಟಿಪಿ, ಅಂಗಡಿಗೆ ಪೆನ್‌ಡ್ರೈವ್. ಜೆಂಟೂದವ್ರೇ 2023ರ ಡಿಸೆಂಬರ್ 29ಕ್ಕೆ ರೆಡಿ ಬೈನರಿ ಪ್ಯಾಕೇಜ್ (ಮೊದ್ಲೇ ಕಂಪೈಲ್ ಆದದ್ದು) ಕೊಡೋಕೆ ಶುರು ಮಾಡಿದ್ರು ನಿಜ, ಆದ್ರೆ ನಮ್ಮ ಯೂಸ್ ಫ್ಲ್ಯಾಗ್‌ಗಳು (ಪ್ಯಾಕೇಜಲ್ಲಿ ಯಾವ ಸೌಲಭ್ಯ ಬೇಕು, ಯಾವುದು ಬೇಡ ಅನ್ನೋ ಆಯ್ಕೆಗಳು) ಬೇರೆ, ಆಮೇಲೆ ನಮ್ಮೂರ ನೆಟ್ಟಲ್ಲಿ ಐದು ಮಷೀನು ಬೇರೆ ಬೇರೆಯಾಗಿ ಅದೇ ಫೈಲನ್ನ ಐದು ಸಲ ಎಳೆಯೋದು ಅಂದ್ರೆ ಆಗೋ ಮಾತಲ್ಲ, ಒಂದ್ಸಲ ಎಳೆಯೋದೇ ದೇವರ ದಯೆ.

ಮೂರು ವರ್ಷ ಚೆನ್ನಾಗೇ ಓಡ್ತಿತ್ತು.

ಮೊದ್ಲು ದೋಷ ಯಾವ ಜಾತೀದು ಅಂತ ಬೇರೆ ಮಾಡಿ

ಬೈನರಿ ಹಂಚೋದ್ರಲ್ಲಿ ಕೈ ಕೊಡೋದು ಮೂರೇ ಥರ. ಒಂದು, ಕ್ಲೈಂಟ್ (ಪ್ಯಾಕೇಜ್ ತಗೊಳ್ಳೋ ಮಷೀನು) ಪ್ಯಾಕೇಜನ್ನ ತಗೊಳ್ಳೋದೇ ಇಲ್ಲ, ತಾನೇ ಕಂಪೈಲ್ ಮಾಡೋಕೆ ಕೂತ್ಕೊಳತ್ತೆ. ಎರಡು, ತಗೊಳ್ಳೋಕೆ ಹೋಗತ್ತೆ ಆದ್ರೆ ಇಳಿಯಲ್ಲ, ಇಲ್ಲಾಂದ್ರೆ ಇಳಿದಿದ್ದು ಸರಿ ಇಲ್ಲ ಅಂತ ಬಿಸಾಕತ್ತೆ. ಮೂರು, ಇಳೀತು, ಇನ್‌ಸ್ಟಾಲೂ ಆಯ್ತು, ಓಡ್ಸಿದ್ರೆ ಸಾಯತ್ತೆ. ಮೊದಲೆರಡು ಬೈದು ಹೇಳತ್ತೆ, ಸ್ಕ್ರೀನ್ ಮೇಲೆ ಬರೋದನ್ನ ತಾಳ್ಮೆಯಿಂದ ಓದಿದ್ರೆ ಅರ್ಧ ಉತ್ತರ ಅಲ್ಲೇ ಇರತ್ತೆ. ಮೂರನೇದು ಹೊಟ್ಟೇಲಿ ಇಟ್ಕೊಂಡು ನಗೋ ಜಾತಿ, ನಂಗೆ ಬಂದಿದ್ದು ಅದು, ಅದನ್ನೇ ಜಾಸ್ತಿ ಬರೀತೀನಿ.

ನಾನು ದಾರಿ ತಪ್ಪಿದ್ದು

ಕಕ್ಕಡದಲ್ಲಿ ಕೊಡಗಲ್ಲಿ ಕಂಪ್ಯೂಟರ್ ಕೆಟ್ರೆ ಮೊದ್ಲು ತಲೆಗೆ ಬರೋದು ತೇವ. ಬೀರೂಲಿರೋ ಚಪ್ಪಲಿಗೇ ಬೂಷ್ಟು ಬರೋ ಕಾಲ ಅದು, ಮದರ್‌ಬೋರ್ಡ್ ಯಾವ ಲೆಕ್ಕ. ಅದಕ್ಕೆ ಅಣ್ಣನಿಗೆ ಹೇಳಿದ್ದೇನಪ್ಪಾ ಅಂದ್ರೆ, ರ್ಯಾಮ್ ತೆಗ್ದು ಕಾಲಿಗೆ ಪೆನ್ಸಿಲ್ ರಬ್ಬರ್ ಉಜ್ಜಿ ವಾಪಸ್ ಹಾಕಿ ಅಂತ. ಹಾಕಿದ್ರು. ಅದೇ ಪಾಡು. ಮಾರನೇ ದಿನ ಮೆಮ್‌ಟೆಸ್ಟ್ ಪೆನ್‌ಡ್ರೈವ್ ಹಿಡ್ಕೊಂಡು ವಿರಾಜಪೇಟೆ ಮೇಲೆ ಮಳೇಲಿ ಬೈಕಲ್ಲಿ ಹೋದೆ, ರಾತ್ರಿ ಪೂರ್ತಿ ಓಡ್ಸಿದ್ವಿ, ಒಂದೂ ಎರರ್ ಇಲ್ಲ. ಆಮೇಲೆ ಪೆನ್‌ಡ್ರೈವಲ್ಲಿ ಕಾಪಿ ಸರಿ ಆಗಿಲ್ಲ ಅಂದ್ಕೊಂಡು ಮತ್ತೆ ಕಾಪಿ ಮಾಡಿದೆ. ಅದೇ ಪ್ಯಾಕೇಜನ್ನ ನನ್ನ ಲ್ಯಾಪ್‌ಟಾಪಲ್ಲಿ ಹಾಕಿ ನೋಡ್ದೆ, ಜಮ್ ಅಂತ ಓಡ್ತು. ಲ್ಯಾಪ್‌ಟಾಪಲ್ಲಿ ಓಡ್ತು ಅಂದ್ರೆ ಪ್ಯಾಕೇಜ್ ಸರಿ ಇದೆ, ಅಂಗಡಿ ಮಷೀನೇ ಹೋಗಿದೆ ಅಂತ ಕೋರ್ಟಲ್ಲಿ ತೀರ್ಪು ಕೊಟ್ಟೋರ ಥರ ಅಣ್ಣನಿಗೆ ಹೇಳ್ಬಿಟ್ಟೆ. ಹೊಸ ಮಷೀನಿಗೆ ರೇಟ್ ಕೂಡ ಕೇಳಿದ್ರು ಪಾಪ.

ಅದು ತಪ್ಪು ಅಂತ ಗೊತ್ತಾಗೋಕೆ ಒಂದು ಸುಲಭದ ಪರೀಕ್ಷೆ ಇತ್ತು, ನಾನು ಮಾಡಿರ್ಲಿಲ್ಲ. ರ್ಯಾಮ್ ಹಾಳಾಗಿದ್ರೆ ಸಾಯೋದು ಒಂದೊಂದ್ಸಲ ಒಂದೊಂದು ಜಾಗದಲ್ಲಿ, ಈಗ ಬ್ರೌಸರು, ಆಮೇಲೆ ಇನ್ನೊಂದು, ಹೆಚ್ಚಾಗಿ ಸೆಗ್ಮೆಂಟೇಶನ್ ಫಾಲ್ಟ್ ಅಂತ. ಹತ್ತು ಸಲ ಓಡ್ಸಿದ್ರೂ ಹತ್ತು ಸಲಾನೂ ಅದೇ ಪ್ರೋಗ್ರಾಂ, ಅದೇ ಜಾಗ, ಅದೇ ಇಲ್ಲೀಗಲ್ ಇನ್‌ಸ್ಟ್ರಕ್ಷನ್ ಅಂದ್ರೆ ಅದು ರ್ಯಾಮ್ ಅಲ್ಲ, ತೇವಾನೂ ಅಲ್ಲ. ಪ್ರೊಸೆಸರಿಗೆ ಗೊತ್ತಿಲ್ದಿರೋ ಭಾಷೇಲಿ ಯಾರೋ ಮಾತಾಡ್ತಿದಾರೆ ಅಂತ ಅರ್ಥ.

ಸತ್ತಿದ್ದು ಎಲ್ಲಿ ಅಂತ ಹಿಡಿಯೋದು

ಪ್ರೋಗ್ರಾಂ ಸತ್ತ ತಕ್ಷಣ ರೂಟ್ ಆಗಿ ಡಿಮೆಸೇಜ್ (ಡಿ ಎಂ ಇ ಎಸ್ ಜಿ, ಕರ್ನಲ್ ಸಂದೇಶ ತೋರಿಸೋ ಕಮಾಂಡ್) ಕೊಟ್ಟು ಕೊನೇ ಲೈನುಗಳನ್ನ ನೋಡಿ. ‘ಟ್ರ್ಯಾಪ್ ಇನ್‌ವ್ಯಾಲಿಡ್ ಆಪ್‌ಕೋಡ್’ ಅಂತ ಒಂದು ಲೈನ್ ಇರತ್ತೆ, ಅದ್ರ ಕೊನೇಲಿ ‘ಇನ್’ ಅಂತ ಆದ್ಮೇಲೆ ಒಂದು ಫೈಲ್ ಹೆಸರು. ಎಲ್ರೂ ಎಡವೋದು ಇಲ್ಲೇ. ಸತ್ತಿದ್ದು ಲಿಬ್ರೆ ಆಫೀಸ್ ಅಂತ ಲಿಬ್ರೆ ಆಫೀಸನ್ನೇ ಮತ್ತೆ ಮತ್ತೆ ಹಾಕ್ತಾ ಕೂರೋದು, ಆದ್ರೆ ಕೊಂದಿರೋದು ಅದು ಕರೆದ ಯಾವುದೋ ಲೈಬ್ರರಿ ಇರತ್ತೆ. ನಮ್ಮ ಕೇಸಲ್ಲಿ ಆ ಜಾಗದಲ್ಲಿ ಇದ್ದಿದ್ದು ಒಂದು ಫಾಂಟ್ ಲೈಬ್ರರಿ. ಫೈಲ್ ಹೆಸರು ಸಿಕ್ಕಿದ್ಮೇಲೆ ಕ್ಯೂಫೈಲ್ ಅಂತ ಕೊಟ್ಟು ಆ ಹೆಸರು ಹಾಕಿದ್ರೆ ಅದು ಯಾವ ಪ್ಯಾಕೇಜಿಂದ ಬಂತು ಅಂತ ಹೇಳತ್ತೆ, ಪೋರ್ಟೇಜ್-ಯುಟಿಲ್ಸಲ್ಲಿ ಬರತ್ತೆ ಅದು.

ಇನ್ನೂ ಒಂದು ಹೆಜ್ಜೆ ಒಳಗೆ ಹೋಗ್ಬೇಕಾದ್ರೆ ಜಿಡಿಬಿ (ದೋಷ ಹುಡುಕೋ ಡಿಬಗ್ಗರ್) ಒಳಗೆ ಪ್ರೋಗ್ರಾಂ ಓಡ್ಸಿ, ಸತ್ತು ನಿಂತಾಗ ‘ಎಕ್ಸ್ ಸ್ಲ್ಯಾಶ್ ಐ ಡಾಲರ್ ಪಿಸಿ’ ಅಂತ ಕೊಡಿ. ಪ್ರೊಸೆಸರ್ ಗಂಟಲಲ್ಲಿ ಸಿಕ್ಕಿಹಾಕ್ಕೊಂಡಿರೋ ಇನ್‌ಸ್ಟ್ರಕ್ಷನ್ ಅಲ್ಲೇ ಬರತ್ತೆ. ಇದನ್ನ ಫೋನಲ್ಲಿ ಅಣ್ಣನ ಕೈಲಿ ಓದ್ಸಿದ್ದು ಒಂದು ಕಥೆ. ಅಂಗಡಿ ಮೇಲೆ ಶೀಟು, ಶೀಟ್ ಮೇಲೆ ಮಳೆ, ಬಿ ಅಂದ್ರೆ ಡಿ ಕೇಳತ್ತೆ, ಟಿ ಅಂದ್ರೆ ಪಿ ಕೇಳತ್ತೆ, ಕೊನೆಗೆ ಊರ ಹೆಸರಲ್ಲಿ ಹೇಳಿ ಅಣ್ಣ ಅಂದೆ. "ವಿರಾಜಪೇಟೆ ವಿ. ಪೊನ್ನಂಪೇಟೆ ಪಿ. ಭಾಗಮಂಡಲದ್ದು ಬಿ. ಆಮೇಲೆ ಆರ್, ಆರ್‌ಗೆ ಯಾವೂರೋ ನಮ್ಮಲ್ಲಿ? ಓ. ಅಮ್ಮತ್ತಿ ಎ. ಆಮೇಲೆ ಡಿ, ಕಾಸ್ಟ್, ಕೊನೇಗೆ ಮತ್ತೆ ಭಾಗಮಂಡಲ." ವಿಪಿಬ್ರಾಡ್‌ಕಾಸ್ಟ್‌ಬಿ. ಇದು ಎವಿಎಕ್ಸ್2 (ಹೊಸ ಪ್ರೊಸೆಸರುಗಳಿಗೆ ಸೇರಿಸಿದ ಹೆಚ್ಚುವರಿ ಇನ್‌ಸ್ಟ್ರಕ್ಷನ್ ಗುಂಪು) ಇನ್‌ಸ್ಟ್ರಕ್ಷನ್. ಇಂಟೆಲಲ್ಲಿ ಎವಿಎಕ್ಸ್2 ಬಂದಿದ್ದು 2013ರ ಹ್ಯಾಸ್ವೆಲ್ ಜೊತೆ, ಕೋರ್ 2 ಡುಯೋಗೆ ಹಳೇ ಎವಿಎಕ್ಸೇ ಇಲ್ಲ. ಅಲ್ಲಿಗೆ ರ್ಯಾಮ್, ತೇವ, ಪೆನ್‌ಡ್ರೈವ್, ಎಲ್ಲಾರೂ ನಿರ್ದೋಷಿಗಳು.

ಒಂದು ಅಂದಾಜಿನ ಲೆಕ್ಕ ಇಟ್ಕೊಳ್ಳಿ. ಇನ್‌ಸ್ಟ್ರಕ್ಷನ್ ಹೆಸರು ‘ವಿ’ಯಿಂದ ಶುರುವಾಗಿ ವೈಎಂಎಂ ಅಥವಾ ಎಕ್ಸ್‌ಎಂಎಂ ರಿಜಿಸ್ಟರ್ ಮೇಲೆ ಕೆಲಸ ಮಾಡ್ತಿದ್ರೆ ಹೆಚ್ಚಾಗಿ ಎವಿಎಕ್ಸ್ ಕುಟುಂಬ. ಎಸ್‌ಎಚ್‌ಎಲ್‌ಎಕ್ಸ್, ಆರ್‌ಓಆರ್‌ಎಕ್ಸ್ ಥರದ್ದು ಬಿಎಂಐ2. ಪಾಪ್‌ಕೌಂಟ್ ಬಂದ್ರೆ ನೆಹೇಲಮ್‌ಗಿಂತ ಹಳೇ ಇಂಟೆಲ್‌ಗೆ ಗೊತ್ತಿಲ್ಲ. ಇನ್ನೊಂದು, ಇಷ್ಟೆಲ್ಲ ಬೇಡ ಅನ್ನೋರು ಆಯಾ ಮಷೀನಲ್ಲಿ ಲಿಬ್64 ಒಳಗಿರೋ ಎಲ್‌ಡಿ-ಲಿನಕ್ಸ್ ಲೋಡರನ್ನ ಮೈನಸ್ ಮೈನಸ್ ಹೆಲ್ಪ್ ಹಾಕಿ ಓಡ್ಸಿದ್ರೆ ಆ ಮಷೀನು ಎಕ್ಸ್86-64ರ ವಿ2, ವಿ3, ವಿ4 (ಪ್ರೊಸೆಸರಿಗೆ ಎಷ್ಟು ಇನ್‌ಸ್ಟ್ರಕ್ಷನ್ ಗೊತ್ತು ಅನ್ನೋ ಹಂತಗಳು) ಇವುಗಳಲ್ಲಿ ಯಾವುದಕ್ಕೆ ಸೈ ಅನ್ನತ್ತೆ ಅಂತ ಕೊನೇಲಿ ಬರತ್ತೆ, ಗ್ಲಿಬ್‌ಸಿ (ಹೆಚ್ಚುಕಮ್ಮಿ ಎಲ್ಲಾ ಪ್ರೋಗ್ರಾಂಗಳೂ ನಿಂತಿರೋ ಮೂಲ ಲೈಬ್ರರಿ) 2.33 ಅಥವಾ ಆಮೇಲಿನದ್ದಾಗಿರ್ಬೇಕು. ನಮ್ಮದ್ರಲ್ಲಿ ರೈಜನ್ನೂ ಲ್ಯಾಪ್‌ಟಾಪೂ ವಿ3, ಐ3ಯೂ ಪೆಂಟಿಯಮ್ಮೂ ವಿ2, ಅಂಗಡೀದು ಅದೂ ಇಲ್ಲ, ಬರೀ ಎಕ್ಸ್86-64. ಅದ್ರಲ್ಲೂ ಐ3-2120ಕ್ಕೆ ಎವಿಎಕ್ಸ್ ಇದೆ, ಅದಕ್ಕಿಂತ ಆಮೇಲೆ ಬಂದ ಜಿ2020ಕ್ಕೆ ಇಲ್ಲ, ಪೆಂಟಿಯಂ ಅಂತ ಹೆಸರಿಟ್ಟು ಕಿತ್ತಿಟ್ಕೊಂಡಿದಾರೆ. ಅದಕ್ಕೆ ಮಷೀನ್ ಯಾವ ಇಸವೀದು ಅಂತ ನೋಡಿ ತೀರ್ಮಾನ ಮಾಡ್ಬೇಡಿ, ಪ್ರೋಕ್ ಕೆಳಗಿನ ಸಿಪಿಯುಇನ್ಫೋದಲ್ಲಿ ಫ್ಲ್ಯಾಗ್ಸ್ ಲೈನ್ ನೋಡಿ.

ಹಾಗಾದ್ರೆ ಇಷ್ಟು ದಿನ ಹೇಗೆ ಓಡ್ತು

ಇದೇ ನನ್ನ ತಲೆ ತಿಂದ ಪ್ರಶ್ನೆ. ಮೂರು ವರ್ಷದಿಂದ ಅದೇ ರೈಜನ್, ಅದೇ ಕೋರ್ 2 ಡುಯೋ. ಬದಲಾಗಿದ್ದೇನು? ಮೇ ತಿಂಗಳಲ್ಲಿ ಸಿಡಿಲಿಗೆ ಮಾಳಿಗೆ ಮೇಲಿನ ಮಷೀನಿನ ಎಸ್‌ಎಸ್‌ಡಿ ಹೋಗಿತ್ತು. ಹೊಸದು ಹಾಕಿ ಇನ್‌ಸ್ಟಾಲ್ ಮಾಡೋವಾಗ ಸೋಮಾರಿತನಕ್ಕೆ ಮೇಕ್ ಡಾಟ್ ಕಾನ್ಫನ್ನ (ಕಂಪೈಲ್ ಸೆಟ್ಟಿಂಗ್ಸ್ ಇರೋ ಫೈಲು) ಲ್ಯಾಪ್‌ಟಾಪಿಂದ ಎತ್ತಿ ಹಾಕಿದ್ದೆ. ಲ್ಯಾಪ್‌ಟಾಪಲ್ಲಿ ಕಾಮನ್ ಫ್ಲ್ಯಾಗ್ಸ್ (ಕಂಪೈಲರಿಗೆ ಕೊಡೋ ಸೂಚನೆಗಳ ಸಾಲು) ಏನಿತ್ತು? ‘ಮೈನಸ್ ಮಾರ್ಚ್ ಈಕ್ವಲ್ಸ್ ನೇಟಿವ್.’ ಅಂದ್ರೆ ಕಂಪೈಲ್ ಮಾಡ್ತಿರೋ ಮಷೀನಿಗೆ ಏನೇನು ಬರತ್ತೋ ಅದೆಲ್ಲಾನೂ ಬಳಸ್ಕೋ ಅಂತ. ಒಂಟಿ ಮಷೀನಿಗೆ ಅದು ಒಳ್ಳೇದೇ, ಹಂಚೋ ಮನೆಗೆ ಅಲ್ಲ. ಹಳೇ ಪ್ಯಾಕೇಜ್ ಬ್ಯಾಕಪ್ ಇತ್ತು, ಅದನ್ನ ಅದೇ ಪಿಕೆಜಿಡಿರ್ (ಕಟ್ಟಿದ ಪ್ಯಾಕೇಜ್ ಇಡೋ ಫೋಲ್ಡರ್) ಒಳಗೆ ವಾಪಸ್ ಸುರ್ದಿದ್ದೆ. ಹಾಗಾಗಿ ಮೇಗಿಂತ ಮುಂಚಿನದ್ದು ಎಲ್ಲಾರಿಗೂ ಆಗೋದು, ಆಮೇಲೆ ಅಪ್‌ಡೇಟ್ ಆದದ್ದು ಬರೀ ರೈಜನ್‌ಗೆ ಆಗೋದು, ಎರಡೂ ಒಂದೇ ಫೋಲ್ಡರಲ್ಲಿ, ಅಕ್ಕಿ ಜೊತೆ ಕಲ್ಲು ಸೇರ್ದಂಗೆ. ಎಲ್ಲಾ ಒಟ್ಟಿಗೇ ಸತ್ತಿದ್ರೆ ಅವತ್ತೇ ಗೊತ್ತಾಗ್ತಿತ್ತು.

ಮತ್ತೆ ಲ್ಯಾಪ್‌ಟಾಪಲ್ಲಿ ಓಡಿದ್ದು? ಅದಕ್ಕೂ ಎವಿಎಕ್ಸ್2 ಇದೆ, ಅಷ್ಟೇ. ರೈಜನ್‌ಗೆ ಮಾತ್ರ ಇರೋ ಎಸ್‌ಎಸ್‌ಇ4ಎ ಥರದ್ದು ಕೆಲವು ಅದಕ್ಕಿಲ್ಲ, ಕಂಪೈಲರ್ ಅದನ್ನ ತಾನಾಗಿ ಬಳಸೋದು ಅಪರೂಪ, ಅದಕ್ಕೆ ಬಚಾವ್. ನಿಮ್ಮ ಪರೀಕ್ಷೆಯನ್ನ ಯಾವಾಗ್ಲೂ ಮನೇಲಿರೋ ಅತಿ ಹಳೇ ಮುದುಕನ ಮೇಲೆ ಮಾಡಿ, ಹುಡುಗನ ಮೇಲಲ್ಲ.

ಪೋರ್ಟೇಜ್ (ಜೆಂಟೂದಲ್ಲಿ ಪ್ಯಾಕೇಜ್ ನೋಡ್ಕೊಳ್ಳೋ ಪ್ರೋಗ್ರಾಂ, ಅದ್ರ ಕಮಾಂಡ್ ಎಮರ್ಜ್) ಇದನ್ನ ಯಾಕೆ ತಡೀಲಿಲ್ಲ ಅಂತ ಕೇಳಬಹುದು. ಅದು ಯೂಸ್ ಫ್ಲ್ಯಾಗ್ ನೋಡತ್ತೆ, ಡಿಪೆಂಡೆನ್ಸಿ ನೋಡತ್ತೆ, ಸಿಹೋಸ್ಟ್ (ಮಷೀನ್ ಯಾವ ಜಾತೀದು ಅನ್ನೋದು) ನೋಡತ್ತೆ. ಸಿಫ್ಲ್ಯಾಗ್ಸ್ (ಕಾಮನ್ ಫ್ಲ್ಯಾಗ್ಸಿಂದ ಬರೋ ಕಂಪೈಲರ್ ಸೂಚನೆ) ಹೋಲಿಸಲ್ಲ. ರೈಜನ್ನೂ ಕೋರ್ 2ಉ ಎರಡೂ ಅದ್ರ ಕಣ್ಣಿಗೆ ಎಕ್ಸ್86-64, ಮುಗೀತು. ಆದ್ರೆ ಬರೆದಿಟ್ಕೊಂಡಿರತ್ತೆ, ಅದೇ ಪುಣ್ಯ. ಕ್ಲೈಂಟಲ್ಲಿ ವಾರ್, ಡಿಬಿ, ಪಿಕೆಜಿ ಕೆಳಗೆ ಪ್ರತಿ ಪ್ಯಾಕೇಜಿನ ಫೋಲ್ಡರಲ್ಲೂ ಸಿಫ್ಲ್ಯಾಗ್ಸ್ ಅಂತ ಒಂದು ಚಿಕ್ಕ ಫೈಲ್ ಇರತ್ತೆ, ಅದ್ರಲ್ಲಿ ಆ ಪ್ಯಾಕೇಜನ್ನ ಕಟ್ಟಿದ ಮಷೀನಲ್ಲಿ ಯಾವ ಫ್ಲ್ಯಾಗ್ ಇತ್ತೋ ಅದೇ ಇರತ್ತೆ, ಬೈನರಿ ಆಗಿ ಬಂದಿದ್ರೂ. ಅದಕ್ಕೆ ‘ಗ್ರೆಪ್ ಮೈನಸ್ ಎಲ್ ನೇಟಿವ್’ ಅಂತ ಕೊಟ್ಟು ಆ ದಾರಿ ಹಾಕಿ, ವರ್ಗದ ಜಾಗಕ್ಕೊಂದು ಪ್ಯಾಕೇಜಿನ ಜಾಗಕ್ಕೊಂದು ನಕ್ಷತ್ರ. ಅಂಗಡಿ ಮಷೀನಲ್ಲಿ 47 ಹೆಸರು ಬಂತು. ನಾಲ್ಕು ದಿನದ ಹುಡುಕಾಟಕ್ಕೆ ಎರಡು ಸೆಕೆಂಡಿನ ಉತ್ತರ, ನೋಡಿ ನಂಗೇ ಹೊಟ್ಟೆ ಉರೀತು.

ಸಾಯದೇ ಇರೋದೂ ಸರಿ ಅಂತ ಅಲ್ಲ

ಆ 47ರಲ್ಲಿ ಸತ್ತಿದ್ದು ನಾಲ್ಕೈದೇ. ಉಳಿದಿದ್ದು ಓಡ್ತಾನೇ ಇತ್ತು, ಅದನ್ನ ಹಾಗೇ ಬಿಡೋಣ ಅಂತ ಆಸೆ ಆಯ್ತು. ಬಿಡ್ಬೇಡಿ. ಎಲ್‌ಝೆಡ್‌ಕೌಂಟ್ ಅಂತ ಒಂದು ಇನ್‌ಸ್ಟ್ರಕ್ಷನ್ ಇದೆ, ಒಂದು ಸಂಖ್ಯೆ ಮುಂದೆ ಎಷ್ಟು ಸೊನ್ನೆ ಇದೆ ಅಂತ ಎಣಿಸೋದು. ಇದು ಗೊತ್ತಿಲ್ದಿರೋ ಹಳೇ ಪ್ರೊಸೆಸರ್ ಇದನ್ನ ನೋಡಿ ಇಲ್ಲೀಗಲ್ ಅನ್ನಲ್ಲ, ಅದ್ರ ಮೊದಲ ಬೈಟನ್ನ ಕಡೆಗಣಿಸಿ ಹಳೇ ಬಿಎಸ್‌ಆರ್ (ಅತಿ ಎಡದ 1 ಎಷ್ಟನೇ ಜಾಗದಲ್ಲಿದೆ ಅಂತ ಹೇಳೋದು) ಅಂತ ಓದ್ಕೊಂಡು ಅದ್ರ ಉತ್ತರ ಕೊಡತ್ತೆ. 32 ಬಿಟ್ಟಲ್ಲಿ 8 ಅನ್ನೋ ಸಂಖ್ಯೆಗೆ ಎಲ್‌ಝೆಡ್‌ಕೌಂಟ್ 28 ಅನ್ಬೇಕು, ಬಿಎಸ್‌ಆರ್ 3 ಅನ್ನತ್ತೆ. ಎರರ್ ಇಲ್ಲ, ಕ್ರ್ಯಾಶ್ ಇಲ್ಲ, ಡಿಮೆಸೇಜಲ್ಲಿ ಏನೂ ಇಲ್ಲ, ಬರೀ ತಪ್ಪು ಉತ್ತರ. ಬಿಲ್ ಹಾಕೋ ಮಷೀನಲ್ಲಿ ಇದು ಬೇಕಾ? ಎಸ್ಟೇಟ್ ಆಫೀಸಿನ ಐ3ಯಲ್ಲೂ ಎಲ್‌ಝೆಡ್‌ಕೌಂಟ್ ಇಲ್ಲ, ಅದೂ ಹ್ಯಾಸ್ವೆಲ್ ಜೊತೆ ಬಂದಿದ್ದು. ಅದಕ್ಕೆ ಸತ್ತಿದ್ದನ್ನ ಮಾತ್ರ ಅಲ್ಲ, ಗ್ರೆಪ್ಪಲ್ಲಿ ಬಂದಿದ್ದೆಲ್ಲಾನೂ ಬದಲಾಯಿಸಿ.

ಸರಿ ಮಾಡಿದ್ದು

ಎಲ್ಲಾ ಮಷೀನಲ್ಲೂ ಸಿಪಿಯುಐಡಿ2ಸಿಪಿಯುಫ್ಲ್ಯಾಗ್ಸ್ ಓಡ್ಸಿ ಬಂದ ಲೈನುಗಳನ್ನ ಒಂದು ಹಾಳೆ ಮೇಲೆ ಬರ್ಕೊಂಡೆ, ಐದರಲ್ಲೂ ಇರೋದು ಮಾತ್ರ ಉಳಿಸಿ ಬಾಕಿ ಹೊಡೆದ್ಹಾಕ್ದೆ. ಉಳಿದಿದ್ದು ಎಂಎಂಎಕ್ಸ್, ಎಂಎಂಎಕ್ಸ್‌ಎಕ್ಸ್‌ಟಿ, ಎಸ್‌ಎಸ್‌ಇಯಿಂದ ಎಸ್‌ಎಸ್‌ಇ4.1 ತನಕ. ರೈಜನ್‌ನ ಮೇಕ್ ಡಾಟ್ ಕಾನ್ಫಲ್ಲಿ ಸಿಪಿಯು ಫ್ಲ್ಯಾಗ್ಸ್ ಎಕ್ಸ್86ಗೆ ಅಷ್ಟೇ ಹಾಕಿ, ಕಾಮನ್ ಫ್ಲ್ಯಾಗ್ಸಲ್ಲಿ ನೇಟಿವ್ ತೆಗ್ದು ‘ಮಾರ್ಚ್ ಈಕ್ವಲ್ಸ್ ಎಕ್ಸ್86-64, ಎಂಟ್ಯೂನ್ ಈಕ್ವಲ್ಸ್ ಜೆನರಿಕ್’. ಸ್ಪೀಡ್ ಕಮ್ಮಿ ಆಗಲ್ವಾ ಅಂದ್ರೆ ಆಗತ್ತೆ ಸ್ವಲ್ಪ, ಬಿಲ್ ಶೀಟಲ್ಲಿ ಯಾರಿಗೂ ಕಾಣಲ್ಲ. ಮಾಳಿಗೆ ಮಷೀನು ಮಾತ್ರ ಫಾಸ್ಟ್ ಬೇಕು ಅನ್ನೋರು ಹಂಚೋ ಪ್ಯಾಕೇಜಿಗೆ ಬೇರೆ ಒಂದು ಕ್ರೂಟ್ (ಅದೇ ಮಷೀನೊಳಗೆ ಬೇರೆಯಾಗಿರೋ ಇನ್ನೊಂದು ಜೆಂಟೂ) ಮಾಡಿ, ಅದ್ರದ್ದೇ ಮೇಕ್ ಡಾಟ್ ಕಾನ್ಫ್, ಅದ್ರದ್ದೇ ಪಿಕೆಜಿಡಿರ್, ಎರಡನ್ನ ಯಾವತ್ತೂ ಕೂಡ್ಸ್ಬೇಡಿ.

ಆಮೇಲೆ ಹಳೇ ಪಿಕೆಜಿಡಿರ್ ಪೂರ್ತಿ ಖಾಲಿ. ಇದಕ್ಕೆ ಮನಸ್ಸು ಬರಲ್ಲ ಗೊತ್ತು, ಆದ್ರೆ ಫ್ಲ್ಯಾಗ್ ಬದಲಾಯಿಸಿದ್ರೆ ಹಳೇ ಪ್ಯಾಕೇಜ್ ತಾನಾಗಿ ಬದಲಾಗಲ್ಲ, ನೇಟಿವಲ್ಲಿ ಕಟ್ಟಿದ್ದು ಅಲ್ಲೇ ಕೂತಿರತ್ತೆ. ಎಮರ್ಜ್ ಮೈನಸ್ ಈ ವರ್ಲ್ಡ್, ಎಲ್ಲಾನೂ ಮೊದಲಿಂದ. ಕರೆಂಟ್ ಹೋಗಿ ಬಂದು ಒಂದೂವರೆ ದಿನ ಹಿಡೀತು. ನಡುವೆ ನಿಂತ್ರೆ ಎಮರ್ಜ್ ಮೈನಸ್ ಮೈನಸ್ ರೆಸ್ಯೂಮ್ ಕೊಟ್ರೆ ಬಿಟ್ಟಲ್ಲಿಂದ ಹೋಗತ್ತೆ. ಜಿಎಂಪಿ (ದೊಡ್ಡ ಸಂಖ್ಯೆಗಳ ಲೆಕ್ಕದ ಲೈಬ್ರರಿ) ಒಂದನ್ನ ಮಾತ್ರ ಕೈಯಾರೆ ನೋಡ್ಕೊಳ್ಳಿ, ಅದು ಸಿಫ್ಲ್ಯಾಗ್ಸ್ ಏನೇ ಇರ್ಲಿ ಕಟ್ಟೋ ಮಷೀನಿನ ಪ್ರೊಸೆಸರ್ ನೋಡಿ ಅದಕ್ಕೆ ತಕ್ಕ ಅಸೆಂಬ್ಲಿ ಆರಿಸ್ಕೊಳೋ ಜಾತಿ, ‘ಸಿಪಿಯು ಡಿಟೆಕ್ಷನ್’ ಯೂಸ್ ಫ್ಲ್ಯಾಗ್ ಆನ್ ಇರ್ಬೇಕು. ಕಂಪೈಲರ್ ಜಿಸಿಸಿಯೇ ಅದ್ರ ಮೇಲೆ ನಿಂತಿರೋದು, ಅದು ಹೋದ್ರೆ ಕ್ಲೈಂಟಲ್ಲಿ ಕಂಪೈಲ್ ಮಾಡಿ ಬಚಾವಾಗೋಣ ಅನ್ನೋ ದಾರೀನೂ ಬಂದ್.

ಕ್ಲೈಂಟಲ್ಲಿ ಅಪ್‌ಡೇಟ್ ಕೊಟ್ರೆ ಏನೂ ಮಾಡೋಕಿಲ್ಲ ಅಂತು! ವರ್ಷನ್ ನಂಬರ್ ಅದೇ ಅಲ್ವಾ, ಅದಕ್ಕೇನು ಗೊತ್ತು ಒಳಗೆ ಬದಲಾಗಿದೆ ಅಂತ. ‘ಮೈನಸ್ ಮೈನಸ್ ರೀಬಿಲ್ಟ್-ಬೈನರೀಸ್’ ಸೇರಿಸ್ಬೇಕು, ಆಗ ಕಟ್ಟಿದ ಸಮಯ ಹೋಲ್ಸಿ ನೋಡಿ ಬದಲಾಯಿಸತ್ತೆ.

ರಿಸೆಪ್ಷನ್ನಿನ ಪೆಂಟಿಯಮ್ಮಲ್ಲಿ ಇನ್ನೊಂದು ಗ್ರಹಚಾರ. ಅಲ್ಲಿ ಪೈಥಾನೇ ಸತ್ತಿತ್ತು. ಎಮರ್ಜ್ ಅನ್ನೋದು ಪೈಥಾನಲ್ಲೇ ಬರ್ದಿರೋದು, ಅಂದ್ರೆ ಬೀಗದ ಕೈ ಒಳಗೇ ಇಟ್ಟು ಬಾಗಿಲು ಹಾಕ್ಕೊಂಡಂಗೆ. ಹೆದರ್ಬೇಡಿ, ಪ್ಯಾಕೇಜ್ ಫೈಲ್ ಅಂದ್ರೆ ಕೊನೆಗೆ ಒಂದು ಟಾರ್ (ಫೈಲುಗಳ ಗಂಟು) ಅಷ್ಟೇ. ಜಿಪಿಕೆಜಿ ಫೈಲನ್ನ ಎಲ್ಲಾದ್ರೂ ಬಿಚ್ಚಿ, ಒಳಗೆ ಇಮೇಜ್ ಡಾಟ್ ಟಾರ್ ಅಂತ ಇನ್ನೊಂದು ಇರತ್ತೆ, ಸಾಮಾನ್ಯವಾಗಿ ಝೆಡ್‌ಸ್ಟ್ಯಾಂಡರ್ಡಲ್ಲಿ ಕಂಪ್ರೆಸ್ ಆಗಿರತ್ತೆ, ಅದನ್ನ ಮತ್ತೆ ಬಿಚ್ಚಿ ರೂಟ್ ಮೇಲೆ ಸುರೀರಿ, ಒಳಗಿರೋ ಇಮೇಜ್ ಅನ್ನೋ ಮೊದಲ ಫೋಲ್ಡರ್ ಬಿಟ್ಟುಹೋಗೋಕೆ ಸ್ಟ್ರಿಪ್-ಕಾಂಪೊನೆಂಟ್ಸ್ 1 ಹಾಕಿ. ಅಲ್ಲೇ ಝೆಡ್‌ಸ್ಟ್ಯಾಂಡರ್ಡೂ ಸತ್ತಿದ್ರೆ ಬೇರೆ ಮಷೀನಲ್ಲಿ ಬಿಚ್ಚಿ ತಂದ್ರಾಯ್ತು. ಪೈಥಾನ್ ಉಸಿರಾಡಿದ ತಕ್ಷಣ ಅದೇ ಪ್ಯಾಕೇಜನ್ನ ಎಮರ್ಜ್ ಮೂಲಕ ಸರಿಯಾಗಿ ಮತ್ತೆ ಹಾಕಿ, ಇಲ್ಲಾಂದ್ರೆ ಪೋರ್ಟೇಜ್ ಲೆಕ್ಕದ ಪುಸ್ತಕಕ್ಕೂ ಡಿಸ್ಕಿಗೂ ತಾಳೆ ಇರಲ್ಲ. ಗ್ಲಿಬ್‌ಸಿಯೇ ಹೋಗಿದ್ರೆ ಮಾತ್ರ ಲೈವ್ ಪೆನ್‌ಡ್ರೈವ್ ಹಾಕಿ ಬೂಟ್ ಮಾಡೋದೇ ದಾರಿ.

ಉಳಿದ ಎರಡು ಜಾತಿ ಬಗ್ಗೆ

ಕ್ಲೈಂಟ್ ಬೈನರಿ ತಗೊಳ್ತಿದ್ಯಾ ಅಂತ ನೋಡೋಕೆ ಯಾವಾಗ್ಲೂ ಮೈನಸ್ ಪಿ ವಿ ಹಾಕಿ ಮೊದ್ಲು ಲಿಸ್ಟ್ ನೋಡಿ. ಸಾಲಿನ ಮುಂದೆ ಬೈನರಿ ಅಂತಿದ್ರೆ ಸರಿ, ಇಬಿಲ್ಡ್ ಅಂತಿದ್ರೆ ಅದು ಕಂಪೈಲ್‌ಗೆ ಹೊರಟಿದೆ, ಅಲ್ಲೇ ನಿಲ್ಸಿ. ಕಾರಣ ಹೆಚ್ಚಾಗಿ ಯೂಸ್ ಫ್ಲ್ಯಾಗ್ ಹೊಂದಿಲ್ಲ ಅಂತಾನೇ ಇರತ್ತೆ, ಯಾವುದನ್ನ ಬಿಟ್ಟೆ ಅಂತ ಪೋರ್ಟೇಜೇ ಕೆಳಗೆ ಬರೀತದೆ. ಅದನ್ನ ತಪ್ಪಿಸೋಕೆ ಅಂತ ಕೆಲವ್ರು ದೊಡ್ಡಕ್ಷರ ಕೆ, ಅಂದ್ರೆ ಬೈನರಿ ಮಾತ್ರ ಅನ್ನೋದನ್ನ ಹಾಕ್ತಾರೆ, ನಾನೂ ಪೆನ್‌ಡ್ರೈವ್ ಹಿಡ್ಕೊಂಡು ಹೋದಾಗ ಅದನ್ನೇ ಹಾಕ್ತಿದ್ದೆ. ಅದ್ರಲ್ಲಿ ಒಂದು ಗುಂಡಿ ಇದೆ. ದೊಡ್ಡ ಕೆ ಹಾಕಿದ್ರೆ ಯೂಸ್ ಫ್ಲ್ಯಾಗ್ ಹೊಂದತ್ತಾ ಅನ್ನೋ ತಪಾಸಣೆ ತಾನಾಗಿ ನಡೆಯಲ್ಲ. ಸಿಪಿಯು ಫ್ಲ್ಯಾಗುಗಳೂ ಯೂಸ್ ಫ್ಲ್ಯಾಗೇ ಆಗಿರೋದ್ರಿಂದ, ಎವಿಎಕ್ಸ್2 ಹಾಕಿ ಕಟ್ಟಿದ್ದನ್ನ ಕೋರ್ 2 ಡುಯೋ ಕಣ್ಣು ಮುಚ್ಕೊಂಡು ನುಂಗತ್ತೆ. ‘ಬಿನ್‌ಪಿಕೆಜಿ-ರೆಸ್ಪೆಕ್ಟ್-ಯೂಸ್ ಈಕ್ವಲ್ಸ್ ವೈ’ ಅಂತ ಜೊತೆಗೇ ಹಾಕೋ ಅಭ್ಯಾಸ ಮಾಡ್ಕೊಳ್ಳಿ.

ಇನ್ನೊಂದು ಕಾರಣ ಎರಡೂ ಕಡೆ ಇಬಿಲ್ಡ್ ಟ್ರೀ (ಪ್ರತಿ ಪ್ಯಾಕೇಜ್ ಕಟ್ಟೋ ವಿಧಾನ ಇರೋ ಫೋಲ್ಡರ್) ಬೇರೆ ಬೇರೆ ದಿನದ್ದಾಗಿರೋದು. ಪ್ಯಾಕೇಜ್ ತಗೊಂಡು ಹೋಗೋವಾಗ ಟ್ರೀನೂ ತಗೊಂಡು ಹೋಗಿ.

ಸರ್ವರಲ್ಲಿ ಫೈಲ್ ಇದೆ, ಕ್ಲೈಂಟಿಗೆ ಕಾಣ್ತಿಲ್ಲ ಅಂದ್ರೆ ಪ್ಯಾಕೇಜಸ್ ಅನ್ನೋ ಇಂಡೆಕ್ಸ್ ಫೈಲ್ ಹಳೇದು. ಕೈಯಾರೆ ಫೈಲ್ ಕಾಪಿ ಮಾಡಿದ್ರೆ, ಅಳಿಸಿದ್ರೆ ಹೀಗಾಗತ್ತೆ. ಸರ್ವರಲ್ಲಿ ‘ಇಮೇಂಟ್ ಬಿನ್‌ಹೋಸ್ಟ್ ಮೈನಸ್ ಮೈನಸ್ ಫಿಕ್ಸ್’, ಆಮೇಲೂ ಹಠ ಮಾಡಿದ್ರೆ ಕ್ಲೈಂಟಲ್ಲಿ ವಾರ್, ಕ್ಯಾಶ್, ಈಡಿಬಿ ಕೆಳಗಿನ ಬಿನ್‌ಹೋಸ್ಟ್ ಫೋಲ್ಡರ್ ಅಳಿಸಿ ಮತ್ತೆ ನೋಡಿ. ಡೈಜೆಸ್ಟ್ (ಫೈಲ್ ಸರಿ ಬಂತಾ ಅಂತ ತಾಳೆ ನೋಡೋ ಸಂಖ್ಯೆ) ಹೊಂದಲ್ಲ ಅಂದ್ರೆ ಫೈಲ್ ಅರ್ಧ ಬಂದಿದೆ, ಪೆನ್‌ಡ್ರೈವಾದ್ರೆ ಅನ್‌ಮೌಂಟ್ ಮಾಡದೇ ಕಿತ್ತಿದೀರಿ. ಎನ್‌ಎಫ್‌ಎಸ್ (ಲ್ಯಾನ್ ಮೇಲೆ ಫೋಲ್ಡರನ್ನೇ ಹಂಚ್ಕೊಳ್ಳೋದು) ಮೇಲೆ ಹಂಚೋರು ಕ್ಲೈಂಟುಗಳಿಗೆ ಓದೋಕೆ ಮಾತ್ರ ಕೊಡಿ, ನಾನು ಮೊದ್ಲು ಬರೆಯೋಕೂ ಕೊಟ್ಟಿದ್ದೆ, ಎರಡು ಮಷೀನು ಒಟ್ಟಿಗೆ ಇಂಡೆಕ್ಸ್ ಬರೆಯೋಕೆ ಹೋಗಿ ಚಿತ್ರಾನ್ನ ಆಯ್ತು.

ಗಡಿಯಾರ ಒಂದು ಬಾಕಿ. ಎಸ್ಟೇಟ್ ಆಫೀಸ್ ಮಷೀನಿನ ಸಿಆರ್2032 ಸೆಲ್ ಸತ್ತಿದೆ, ಕರೆಂಟ್ ಹೋಗಿ ಬಂದಾಗೆಲ್ಲ ಅದಕ್ಕೆ ವರ್ಷಗಟ್ಟಲೆ ವಯಸ್ಸು ಕಮ್ಮಿ ಆಗತ್ತೆ. ಹೊರಗಿನ ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ ‘ಇನ್ನೂ ಜಾರಿಗೆ ಬಂದಿಲ್ಲ’ ಅನ್ನತ್ತೆ, ಪ್ಯಾಕೇಜ್ ಸಹಿ ಭವಿಷ್ಯದಲ್ಲಿ ಹಾಕಿದ್ದು ಅನ್ನತ್ತೆ. ನೆಟ್ವರ್ಕ್ ದೂರೋಕೆ ಮುಂಚೆ ಒಂದ್ಸಲ ಡೇಟ್ ಅಂತ ಟೈಪ್ ಮಾಡಿ ನೋಡಿ. ಅಂಗಡೀಲಿ ಸೆಲ್ಲು ನಲವತ್ತು ರೂಪಾಯಿಗೆ ಸಿಗತ್ತೆ, ನಾನಿನ್ನೂ ಹಾಕಿಲ್ಲ.

ಒಂದು ವಾರ ಆದ್ಮೇಲೆ

ಎಲ್ಲಾ ಸರಿ ಆಯ್ತು, ಅಣ್ಣ ಬಿಲ್ ಹಾಕ್ತಿದಾರೆ, ನಾನು ಕಾಲ್ ಮೇಲೆ ಕಾಲ್ ಹಾಕ್ಕೊಂಡು ಕೂತಿದೀನಿ, ಮತ್ತೆ ಫೋನು. "ಬಿಲ್ ಬರತ್ತೆ, ಆದ್ರೆ ಫೈಲ್ ಇರೋ ಫೋಲ್ಡರ್ ತೆಗೆದ್ರೆ ಆ ವಿಂಡೋನೇ ಹೋಗತ್ತೆ. ಅದೇ ಇಲ್ಲೀಗಲ್ಲು." ಗ್ರೆಪ್ ಓಡ್ಸಿದ್ರೆ ಒಂದೂ ನೇಟಿವ್ ಇಲ್ಲ. ಡಿಮೆಸೇಜಲ್ಲಿ ಬಂದ ಹೆಸರು ಲಿಬ್‌ಆರ್‌ಎಸ್‌ವಿಜಿ, ಐಕಾನ್ ಬಿಡಿಸೋ ಲೈಬ್ರರಿ. ಅದು ಸಿ ಅಲ್ಲ, ರಸ್ಟ್ ಅನ್ನೋ ಬೇರೆ ಭಾಷೇಲಿ ಬರ್ದಿರೋದು, ಅಂದ್ರೆ ಸಿಫ್ಲ್ಯಾಗ್ಸನ್ನ ಅದು ಕೇಳೋದೇ ಇಲ್ಲ. ಮೇಕ್ ಡಾಟ್ ಕಾನ್ಫ್ ತೆಗ್ದು ಕೆಳಗೆ ಕೆಳಗೆ ಹೋದೆ, ಲ್ಯಾಪ್‌ಟಾಪಿಂದ ಬಂದ ಇನ್ನೊಂದು ಸಾಲು ಮೂಲೇಲಿ ಕೂತಿತ್ತು: ರಸ್ಟ್‌ಫ್ಲ್ಯಾಗ್ಸ್, ಟಾರ್ಗೆಟ್-ಸಿಪಿಯು ಈಕ್ವಲ್ಸ್ ನೇಟಿವ್. ಒಂದೂವರೆ ದಿನ ಕಟ್ಟಿದ್ದ ಪ್ಯಾಕೇಜುಗಳಲ್ಲಿ ರಸ್ಟಿಂದ ಬಂದವೆಲ್ಲ ಮತ್ತೆ ರೈಜನ್ ಭಾಷೆಯಲ್ಲೇ. ಇದನ್ನ ಹಿಡಿಯೋಕೆ ಅದೇ ವಾರ್, ಡಿಬಿ, ಪಿಕೆಜಿ ಫೋಲ್ಡರಲ್ಲಿರೋ ಎನ್ವಿರಾನ್‌ಮೆಂಟ್ ಡಾಟ್ ಬಿಝೆಡ್2 ಫೈಲುಗಳ ಮೇಲೆ ಬಿಝೆಡ್‌ಗ್ರೆಪ್ ಹಾಕಿ ‘ಟಾರ್ಗೆಟ್-ಸಿಪಿಯು’ ಅಂತ ಹುಡುಕ್ಬೇಕು.

ಆ ಸಾಲು ಅಳಿಸಿ ರಸ್ಟ್ ಪ್ಯಾಕೇಜುಗಳನ್ನ ಮತ್ತೆ ಕಟ್ದೆ. ಹೊರಗೆ ಮಳೆ ನಿಂತಿರ್ಲಿಲ್ಲ, ಬೈಕ್ ತೆಗೆಯೋ ಧೈರ್ಯ ಇರ್ಲಿಲ್ಲ, ಪೆನ್‌ಡ್ರೈವನ್ನ ಎರಡು ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಮೇಲೆ ಅಣ್ಣನ ನಂಬರ್ ಬರ್ದು ಬೆಳಗಿನ ಬಸ್ಸಿನ ಕಂಡಕ್ಟರ್ ಕೈಲಿ ಕೊಟ್ಟೆ. ಹನ್ನೊಂದು ಗಂಟೆಗೆ ಅಣ್ಣ ಫೋನ್ ಮಾಡಿ ಫೋಲ್ಡರ್ ತೆಗೀತು ಅಂದ್ರು, ಹಾಗೇ ಆರ್‌ಗೆ ಊರು ಸಿಕ್ತು, ಬ್ರಹ್ಮಗಿರೀಲಿ ಎರಡನೇ ಅಕ್ಷರ ಆರ್ ಅಲ್ವಾ ಅಂದ್ರು.